ಕೈ ಸುಡದ ಸುಣ್ಣ

ನಾಲಿಗೆ ಸುಡಲಿಲ್ಲ.

ಉಡಚಪ್ಪ ಕಿರುಬೆರಳ ತುದಿಗೆ ಇನ್ನೊಂದಿಷ್ಟು ಬೂದಿ ಅಂಟಿಸಿಕೊಂಡು ನಾಲಿಗೆಗೆ ಮುಟ್ಟಿಸಿದ. ಕಡಿಯಲಿಲ್ಲ, ಚುರುಗುಟ್ಟಲಿಲ್ಲ. ಹಸಿ ಮಣ್ಣಿನ ಹಾಗೆ ಸಪ್ಪಗೆ ಕೂತಿತು. ಸುಣ್ಣವಾಗಿದ್ದರೆ ಇಷ್ಟೊತ್ತಿಗೆ ನಾಲಿಗೆಯ ತೊಗಲು ಸುಲಿಯಬೇಕಿತ್ತು.

"ಏನ್ರೀ ಇದು, ಸಾಕ್ಷಿ ಮಾಲು ತಿಂದು ಖಾಲಿ ಮಾಡ್ತೀರೇನು?" ನರಗುಂದ ಠಾಣೆಯ ಮೇಜಿನ ಆಚೆಯಿಂದ ಫೌಜದಾರ ಕೇಳಿದ. "ನಾ ಏನಂತ ಬರೀಲಿ? ಫಾಯರ್ ಬ್ರಿಗೇಡಿನ ಹಳೇ ಜಮಾದಾರ ಉಪಾಸ ಬಂದಿದ್ದ, ನೆಕ್ಕಿಬಿಟ್ಟ ಅಂತ ಬರೀಲೇನು?"

"ಬರೀರಿ ಸಾಹೇಬ್ರ. ರುಚಿ ಇರಲಿಲ್ಲ ಅಂತನೂ ಬರೀರಿ."

ಹವಾಲ್ದಾರ ನಕ್ಕ. ಉಡಚಪ್ಪ ನಗಲಿಲ್ಲ. ಮೂವತ್ತೆರಡು ವರ್ಷ ಬೆಂಕಿ ಆರಿಸಿ, ಆರಿದ ಮೇಲೆ ಬೂದಿ ಕೆದರಿ, ನಿವೃತ್ತನಾಗಿ ರೋಣದ ಮನೆ ಸೇರಿ ಆರು ವರ್ಷವಾಗಿತ್ತು. ಬೂದಿಯ ಬಣ್ಣ ಮಾತ್ರ ಅವನಿಗೆ ಇನ್ನೂ ಮರೆತಿರಲಿಲ್ಲ.

ಈ ಬೂದಿ ಕರ್ರಗಿತ್ತು. ನಡುನಡುವೆ ಇಟ್ಟಂಗಿ ಪುಡಿಯಂಥ ಕೆಂಪು. ಕಬ್ಬಿಣ ತುಕ್ಕು ಹಿಡಿದಾಗ ಬರುವ ಕೆಂಪು. ಸುಣ್ಣವೋ, ಸುಟ್ಟರೂ ಬಿಳಿ, ನೆನೆದರೂ ಬಿಳಿ.

ಹನ್ನೆರಡು ದಿನಗಳ ಹಿಂದೆ ಕೊಣ್ಣೂರಿನ ಹೊಳೆದಂಡೆಯ ಡೇರೆಯೊಳಗೆ, ನೆರೆ ಕೆಲಸಕ್ಕೆ ಬಂದ ಹದಿನೆಂಟು ಜವಾನರಿಗೆ ಊಟ ಬಿಸಿ ಮಾಡುವಾಗ ಈ ಬೂದಿಯ ಡಬ್ಬಿ ಸಿಡಿದು, ಅದನ್ನು ಒಯ್ದಿದ್ದ ಹುಡುಗ ಆಶಿಕ ಸತ್ತಿದ್ದ. ಡಬ್ಬಿ ಮಾಡಿದ ಅವನ ಮಾವ ಮೋದಿನಸಾಬ ಅಂದಿನಿಂದ ಕಂಬಿಯ ಹಿಂದೆ.

ಬೆಂಕಿಯಿಲ್ಲದೆ ಅನ್ನ ಬಿಸಿ ಮಾಡುವ ಡಬ್ಬಿ ಅದು. ಹದಿನೆಂಟು ಜನಕ್ಕೆ ಒಂದು ಡಬ್ಬಿ. ಒಳಗೆ ನಾಲ್ಕು ತಗಡಿನ ತಾಟು, ತಾಟಿಗೆ ಎರಡರಂತೆ ಕೆಳಗೆ ಎಂಟು ಬಟ್ಟೆಯ ಚೀಲ, ಮೇಲೆ ನೀರಿನ ಕೊಟ್ಟೆ. ದಾರ ಜಗ್ಗಿದರೆ ನೀರು ಚೀಲದ ಮೇಲೆ ಬೀಳುತ್ತದೆ, ಅರ್ಧ ತಾಸಿನಲ್ಲಿ ಅನ್ನ ಹಬೆಯಾಡುತ್ತದೆ. ಹೊರಗಿನ ಕಂಪನಿಗಳು ಆ ಚೀಲದಲ್ಲಿ ಲೋಹದ ಪುಡಿ ತುಂಬುತ್ತಿದ್ದವು. ಅದು ನೀರು ಕುಡಿದಾಗ ಬಿಸಿಯ ಜೊತೆಗೆ ಗ್ಯಾಸೂ ಏಳುತ್ತದೆ. ಬಯಲಿನಲ್ಲಾದರೆ ಗಾಳಿಗೆ ಹಾರಿ ಹೋಗುತ್ತದೆ. ಹಿಮದಲ್ಲಿ ಡೇರೆಯ ಬಾಯಿ ಕಟ್ಟಿಕೊಂಡು ಕೂತವರಲ್ಲಿ ಒಬ್ಬ ಬೀಡಿ ಹಚ್ಚಿದರೆ ಸಾಕು.

ಮೋದಿನಸಾಬನ ತಮ್ಮ ರಮಜಾನಸಾಬ ದಂಡಿನಲ್ಲಿ ಅಡಿಗೆಯವನಾಗಿದ್ದು ಅಂಥದೇ ಡಬ್ಬಿ ಸಿಡಿದು ಎರಡೂ ಕಣ್ಣು ಕಳೆದುಕೊಂಡು ಗಜೇಂದ್ರಗಡಕ್ಕೆ ತಿರುಗಿ ಬಂದಿದ್ದ. ಆ ದಿನದಿಂದ ಅಣ್ಣನಿಗೆ ಒಂದೇ ಹುಚ್ಚು. ಸುಣ್ಣದ ಭಟ್ಟಿಯವನಿಗೆ ನೀರು ಹಾಕಿದರೆ ಕುದಿಯುವ ಹರಳು ಸುಣ್ಣ ಹೊಸದೇ? ಅದರಿಂದ ಗ್ಯಾಸು ಏಳುವುದಿಲ್ಲ. ಎಷ್ಟು ಹರಳು, ಯಾವ ಗಾತ್ರ, ಎಷ್ಟು ನೀರು, ಯಾವ ಬಟ್ಟೆ ಎಂದು ನಾಲ್ಕು ವರ್ಷ ತಿಣುಕಿದ್ದ. ಅಂಥವನ ಮೇಲೇ ಈಗ ಡೇರೆ ಸಿಡಿಸಿದ ಆರೋಪ.

"ಉಳದ ಐದು ಡಬ್ಬಿ ಒಡದು ನೋಡೀವ್ರಿ," ಫೌಜದಾರ ಹೇಳಿದ. "ಐದರಾಗೂ ಸುಣ್ಣಾನ ಐತಿ. ಅಂದ ಮ್ಯಾಲ ಆರನೇದರಾಗೂ ಸುಣ್ಣಾನ. ನಾಳೆ ಹನ್ನೊಂದಕ್ಕ ಕೋರ್ಟು. ಲ್ಯಾಬಿನ ಕಾಗದ ಬರಾಕ ಮೂರು ತಿಂಗಳು. ನಾಳೆಯೊಳಗ ನೀವು ಏನಾರ ಬರದು ಕೊಟ್ರ ಜೋಡಸ್ತೀನಿ. ಇಲ್ಲಂದ್ರ ಸುಣ್ಣ ಸಿಡೀತು ಅಂತ ಹೋಗ್ತದ."

ಹಾಗೆ ಹೋದರೆ ಮೋದಿನಸಾಬ ಜೈಲಿಗೆ. ಅವನ ಡಬ್ಬಿಯ ಕಥೆ ಅಲ್ಲಿಗೇ ಮುಗಿಯಿತು. ಹಿಮದ ಡೇರೆಗಳಿಗೆ ಮತ್ತೆ ಅದೇ ಗ್ಯಾಸಿನ ಡಬ್ಬಿ.

ಉಡಚಪ್ಪ ಐದು ಡಬ್ಬಿಗಳ ಚೀಲ ಹಿಸುಕಿ ನೋಡಿದ. ಹರಳಿಲ್ಲ, ಎಲ್ಲ ಉಬ್ಬಿ ಹಿಟ್ಟಾಗಿತ್ತು. ಹರಳು ಸುಣ್ಣ ಗಾಳಿಯ ಪಸೆ ಕುಡಿದರೆ ತನ್ನಷ್ಟಕ್ಕೆ ತಾನೇ ಅರಳಿ ಬಿಡುತ್ತದೆ. ಆಮೇಲೆ ಹೊಳೆಯನ್ನೇ ಸುರಿದರೂ ಬಿಸಿಯಾಗದು. ಭಟ್ಟಿಯವರು ಅದಕ್ಕೆ ಸುಣ್ಣ ಸತ್ತಿತು ಎನ್ನುತ್ತಾರೆ.

"ಸಾಹೇಬ್ರ, ಈ ಐದರಾಗ ಒಂದಾರ ಅನ್ನ ಬಿಸಿ ಮಾಡೂದಿಲ್ಲ. ಸತ್ತಾವು. ಒಂದ ಟೆಂಪೋದಾಗ, ಒಂದ ದಿನ ಹೊರಟ ಆರು ಡಬ್ಬಿ. ಐದು ಸತ್ತು, ಆರನೇದು ಡೇರೆ ಹಾರಿಸೂವಷ್ಟು ಜೀವ ಎಲ್ಲಿಂದ ತಂತು?"

ಫೌಜದಾರ ಪೆನ್ನಿನ ಟೊಪ್ಪಿಗೆ ತೆಗೆದ, ಹಾಕಿದ.

"ಆ ಸುಟ್ಟ ಜವಾನನ ಜಬಾನಿ ಹೇಳಿಕಿ ಇನ್ನೊಮ್ಮೆ ಓದಪಾ," ಉಡಚಪ್ಪ ಹವಾಲ್ದಾರನಿಗೆ ಹೇಳಿದ. ಅವನ ಓದು ನಾಲ್ಕನೆಯ ಇಯತ್ತೆಗೆ ನಿಂತಿತ್ತು. ಪೊಲೀಸರ ಅಕ್ಷರವಂತೂ ಹತ್ತುತ್ತಿರಲಿಲ್ಲ.

ಹವಾಲ್ದಾರ ಓದಿದ. ಹುಡುಗ ದಾರ ಜಗ್ಗಿದ. ಹತ್ತು ನಿಮಿಷವಾದರೂ ತಾಟು ಬಿಸಿಯಾಗಲಿಲ್ಲ. ದಂಡಿನ ಸಾಹೇಬರು ಗಡಿಯಾರ ನೋಡಿದರು. ಹುಡುಗ ಡಬ್ಬಿಯ ಮೇಲೆ ಗೋಣಿತಟ್ಟು ಹೊದಿಸಿದ, ಡೇರೆಯ ಬಾಯಿ ಕಟ್ಟಿದ, ಗಾಳಿ ಆಡಬಾರದು ಅಂದ. ಕಾಲು ತಾಸಿನ ಮೇಲೆ ಲಾಟೀನು ಹಚ್ಚಿಕೊಂಡು ಒಳಗೆ ಬಗ್ಗಿದ.

"ಸಾಕು," ಉಡಚಪ್ಪ ಅಂದ.

ಗಜೇಂದ್ರಗಡದ ಭಟ್ಟಿಗಳಲ್ಲಿ ಅವನು ಇದನ್ನು ನೂರು ಸಲ ಕಂಡಿದ್ದ. ಹರಳು ಸುಣ್ಣ ಜಡವಾಗಿ ಅರಳಲು ತಡ ಮಾಡಿದರೆ ಗೋಣಿ ಹೊದಿಸಿ, ಬಾಗಿಲು ಮುಚ್ಚಿ ಕಾವು ಹಿಡಿಸುತ್ತಾರೆ. ಸುಣ್ಣಕ್ಕೆ ಅದರಷ್ಟು ಒಳ್ಳೆಯ ಉಪಾಯವಿಲ್ಲ. ಆಶಿಕ ಸುಣ್ಣದವರ ಮನೆಯ ಅಳಿಯ, ಕಲಿತದ್ದನ್ನೇ ಮಾಡಿದ. ಚೀಲದಲ್ಲಿದ್ದದ್ದು ಸುಣ್ಣವಲ್ಲ, ಅಷ್ಟೇ. ಸುಣ್ಣ ಗೊತ್ತಿಲ್ಲದ ಬೇರೆ ಆಳಾಗಿದ್ದರೆ ಡೇರೆ ತೆರೆದಿಡುತ್ತಿದ್ದ, ಬದುಕುತ್ತಿದ್ದ.

ತಾಟಿನ ಅಡಿಗೆ ಸಿಕ್ಕಿಕೊಂಡು ಒಂದು ಚೀಲ ಅರ್ಧ ಉಳಿದಿತ್ತು. ಅದರ ಮೂಲೆಯ ಮಡಿಕೆಯಲ್ಲಿ ಹಿಡಿ ತುಂಬ ಬೂದುಬಣ್ಣದ ಪುಡಿ, ಸುಡದೆ ಹಾಗೇ ಇತ್ತು. ಫೌಜದಾರನ ಕಣ್ಣೆದುರಿಗೇ ಅರ್ಧ ಹಿಡಿ ಕಾಗದದಲ್ಲಿ ಪುಡಿಕೆ ಕಟ್ಟಿಕೊಂಡ. ಆಮೇಲೆ ಚೀಲದ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದ.

ಒಂದು ಸಾಲು ಹೊಲಿಗೆ. ಅದರ ಪಕ್ಕದಲ್ಲೇ ಇನ್ನೊಂದು ಸಾಲು ತೂತು, ದಾರವಿಲ್ಲದ ತೂತು.

ಯಾರೋ ಬಿಚ್ಚಿದ್ದಾರೆ. ಬಿಚ್ಚಿ, ತುಂಬಿ, ಮತ್ತೆ ಹೊಲಿದಿದ್ದಾರೆ.

"ಮುಮತಾಜಬಿನ್ನ ಕರೀರಿ," ಅಂದ.

ಮೋದಿನಸಾಬನ ಹೆಂಡತಿ ಬೆಳಗಿನಿಂದ ಠಾಣೆಯ ಅಂಗಳದ ಬೇವಿನ ಗಿಡದ ಕೆಳಗೆ ಕೂತಿದ್ದಳು. ಗಂಡನನ್ನು ಹಿಡಿದ ದಿನ ರೋಣಕ್ಕೆ ಬಂದು, "ಅಣ್ಣಾ, ನಮ್ಮ ಮನ್ಯಾಂವ ಕೊಲೆಗಾರ ಅಲ್ರಿ, ಯಾರು ಮಾಡ್ಯಾರ ಹುಡುಕಿ ಕೊಡ್ರಿ," ಎಂದು ಅವನ ಹೊಸ್ತಿಲಲ್ಲಿ ಕೂತವಳೂ ಅವಳೇ. ಡಬ್ಬಿಯ ಚೀಲಗಳನ್ನೆಲ್ಲ ಅವಳೇ ಓಣಿಯ ನಾಲ್ಕು ಹೆಂಗಸರನ್ನು ಕೂಡಿಸಿಕೊಂಡು, ಕೌದಿ ಹೊಲಿದಂತೆ ಹೊಲಿಯುತ್ತಿದ್ದಳು.

ಉಡಚಪ್ಪ ಅಂಚು ತೋರಿಸಿದ. "ತಂಗಿ, ಇದು ನಿಮ್ಮ ಹೆಣ್ಮಕ್ಕಳ ಹೊಲಿಗಿ ಏನು?"

ಮುಮತಾಜಬಿ ನೋಡಿದಳು. ಹೊಲಿಗೆಯ ಟಾಕಿಗಳು ಎಲ್ಲರಂತೆ ಬಲಕ್ಕೆ ವಾಲದೆ ಎಡಕ್ಕೆ ವಾಲಿದ್ದವು. ಅವಳ ಕೈ ಬಾಯಿಗೆ ಹೋಗುತ್ತಿದ್ದದ್ದು ಅರ್ಧಕ್ಕೇ ನಿಂತು ಸೆರಗು ಸರಿಪಡಿಸಿತು.

"ಗೊತ್ತಿಲ್ರಿ ಅಣ್ಣಾ."

"ಬೆಳಕಿಗೆ ಹಿಡದು ನೋಡು."

"ಗೊತ್ತಿಲ್ಲಂತ ಹೇಳಿದ್ನೆಲ್ರಿ!" ಅವಳು ಎದ್ದೇ ಬಿಟ್ಟಳು. "ಮಗಳು ಒಬ್ಬಾಕಿನ ಅದಾಳ. ನಾ ಹೋಗ್ತೀನಿ."

ಹನ್ನೆರಡು ದಿನ ನೆರಳಿನಂತೆ ಬೆನ್ನ ಹಿಂದಿದ್ದವಳು ತಿರುಗಿ ನೋಡದೆ ಹೋದಳು. ಉಡಚಪ್ಪ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡ, ಬಿಚ್ಚಿ ನೋಡಲಿಲ್ಲ. ಕೆಲವನ್ನು ಬಿಚ್ಚಲು ಅವಸರ ಮಾಡಬಾರದು ಎಂದು ವಯಸ್ಸು ಕಲಿಸಿತ್ತು.

"ಸಾಹೇಬ್ರ, ಇದನ್ನ ಮೋದಿನಸಾಬಗ ತೋರ್ಸಿ ಕೇಳ್ರಿ," ಎಂದು ಹೇಳಿ ಹೊರಟ. "ಎರಡು ಸಲ ಹೊಲದದ್ದು ತನ್ನ ಮಾಲಲ್ಲ ಅಂತ ಅವನ ಬಾಯಿಂದ ಬರಲಿ. ನಾ ಡಬ್ಬಿ ಟೆಂಪೋ ನಿಂತಿದ್ದ ಸಾವ್ಕಾರನ ಕಡೆ ಹೋಗಿ ಬರ್ತೀನಿ."

*

ಪ್ರಭುಲಿಂಗಪ್ಪನ ಅಂಗಡಿ ನರಗುಂದದ ಪೇಟೆಯ ತುದಿಗೆ. ಮುಂದೆ ಸಿಮೆಂಟು, ಗೊಬ್ಬರ, ಪೈಪು, ಹಿಂದೆ ಗೋದಾಮು, ಗೋದಾಮಿನ ಬೆನ್ನಿಗೆ ಆಶಿಕ ಬಾಡಿಗೆಗಿದ್ದ ಒಂದು ಖೋಲಿ. ದಂಡಿನವರಿಗೆ ಡಬ್ಬಿ ಒದಗಿಸುವ ಕಾಗದ ಈ ಸಾವ್ಕಾರನ ಹೆಸರಿನಲ್ಲಿತ್ತು. ಮೋದಿನಸಾಬನಿಗೆ ಸುಣ್ಣ ಗೊತ್ತಿತ್ತು, ಕಾಗದ ಗೊತ್ತಿರಲಿಲ್ಲ. ಮಲಪ್ರಭೆಗೆ ನೆರೆ ಬಂದು ಕೊಣ್ಣೂರಿನ ಸೇತುವೆ ಮುಳುಗಿದಾಗ, ಹೊಳೆಯಾಚೆ ದಂಡಿನವರಿಗೆ ತೋರಿಸಲು ಹೊರಟ ಆರು ಡಬ್ಬಿಗಳ ಟೆಂಪೋ ಮೂರು ದಿನ ಇದೇ ಗೋದಾಮಿನಲ್ಲಿ ನಿಂತಿತ್ತು.

"ಬರ್ರಿ, ಬರ್ರಿ ಫಾಯರ್ ಉಡಚಪ್ಪನವರ!" ಗಾದಿಯ ಮೇಲಿನಿಂದ ಪ್ರಭುಲಿಂಗಪ್ಪ ಕೂಗಿದ. "ನಮ್ಮ ಅಂಗಡಿಗೆ ಬೆಂಕಿ ಬಿದ್ದಿಲ್ಲಲ್ರಿ. ಹಾದಿ ತಪ್ಪಿ ಬಂದ್ರೇನು? ಚಾ ತರಸ್ಲೇನು?"

"ಚಾ ಬ್ಯಾಡ್ರಿ ಸಾವ್ಕಾರ್ರ. ಒಂದು ಬಟ್ಟಲ ಕೊಡ್ರಿ. ಒಂದು ಚರಿಗಿ ನೀರು."

ಬಟ್ಟಲು ಬಂತು. ಉಡಚಪ್ಪ ಪುಡಿಕೆ ಬಿಚ್ಚಿ ಪುಡಿ ಸುರಿದ, ಮೇಲೆ ನೀರು ಹಾಕಿದ. ಒಂದೆರಡು ಗುಳ್ಳೆ ಎದ್ದವು. ಸುಮ್ಮನಾಯಿತು.

ಪ್ರಭುಲಿಂಗಪ್ಪ ಹೊಟ್ಟೆ ಕುಣಿಸಿ ನಕ್ಕ. "ಏನಾತ್ರಿ ಗಾರುಡಿಗಾರ್ರ? ನಿಮ್ಮ ಮಂಗ್ಯಾ ಕುಣೀಲಿಲ್ಲ!"

"ಆಶಿಕಗೂ ಹಿಂಗ ಅನಿಸಿರಬೇಕ್ರಿ. ತಾಟು ಬಿಸಿ ಆಗವಲ್ದು, ಸಾಹೇಬ ಗಡಿಯಾರ ನೋಡಾಕತ್ತಾನ." ಉಡಚಪ್ಪ ಎದ್ದು ಮೂಲೆಯಲ್ಲಿದ್ದ ದನದ ಉಪ್ಪಿನ ಚೀಲದಿಂದ ಒಂದು ಹಿಡಿ ತಂದ. "ಸುಣ್ಣಕ್ಕ ಬರೇ ನೀರು ಸಾಕು. ಅದಕ್ಕ ಮೋದಿನಸಾಬನ ಡಬ್ಬ್ಯಾಗ ಸೀನೀರಿನ ಕೊಟ್ಟಿ. ಇದು ಬರೇ ನೀರಿಗೆ ಸಾವಕಾಶ, ಕಾಲು ತಾಸು ಮುಚ್ಚಿಟ್ರ ಎಚ್ಚರಾಗ್ತದ; ಜಲ್ದಿ ಆಗಬೇಕಂದ್ರ ಉಪ್ಪು ಬೇಕಂತ ಕಾಣ್ತದ."

ಉಪ್ಪು ಬಿದ್ದದ್ದೇ ತಡ, ಬಟ್ಟಲು ಬುಸುಗುಟ್ಟಿತು. ನೊರೆ ಎದ್ದಿತು, ಅಂಚಿಗೆ ಕೈ ಹಚ್ಚಲಾಗದಷ್ಟು ಕಾವು. ಉಡಚಪ್ಪ ಅದರ ಮೇಲೆ ಚರಿಗೆಯನ್ನು ಬೋರಲು ಹಾಕಿದ. ಪಕ್ಕದಲ್ಲೇ ಕೂತ. ಹೊರಗೆ ಟ್ರ್ಯಾಕ್ಟರೊಂದು ಹೋಯಿತು. ಅದರ ಸದ್ದು ಪೂರಾ ಅಡಗುವ ತನಕ ಕಾದು, ಅಂಗಿಯ ಕಿಸೆಯಿಂದ ಕಡ್ಡಿಪೆಟ್ಟಿಗೆ ತೆಗೆದ. ಒಂದು ಕಡ್ಡಿ ಆರಿಸಿಕೊಂಡ.

"ಏ! ಗೀರಬ್ಯಾಡ!"

ಪ್ರಭುಲಿಂಗಪ್ಪ ಗಾದಿಯಿಂದ ಎದ್ದು ಮೂರು ಹೆಜ್ಜೆ ಹಿಂದಿದ್ದ. ಎಲೆಯಡಿಕೆಯ ತಟ್ಟೆ ಮಗುಚಿ ಬಿದ್ದಿತ್ತು.

ಉಡಚಪ್ಪ ಕಡ್ಡಿಯನ್ನು ಪೆಟ್ಟಿಗೆಗೆ ತಿರುಗಿ ಸೇರಿಸಿದ. ಚರಿಗೆಯನ್ನು ಎತ್ತಿ ಬಾಗಿಲಾಚೆಗೆ ಹಿಡಿದು ಗಾಳಿಗೆ ಬಿಟ್ಟ. "ಸುಣ್ಣಕ್ಕ ಕಡ್ಡಿ ಗೀರಿದ್ರ ಏನಾಗ್ತದ್ರಿ ಸಾವ್ಕಾರ್ರ? ನಾ ಇದು ಏನಂತ ಇನ್ನೂ ಬಾಯಿ ಬಿಟ್ಟು ಹೇಳೇ ಇಲ್ಲ."

ಸಾವ್ಕಾರನ ಮುಖದ ನಗು ಅಲ್ಲೇ ಒಣಗಿತು. ಬಾಗಿಲ ಕಡೆಗೊಮ್ಮೆ ನೋಡಿದ. ಗಿರಾಕಿ ಯಾರೂ ಇರಲಿಲ್ಲ. ಕೂತು ಅಡಿಕೆ ಆರಿಸತೊಡಗಿದ.

"ಆ ಲೋಹದ ಪುಡಿ ಇತ್ತು. ಎರಡು ಚೀಲ ಇತ್ತು. ಮೊದಲು ಹೊರಗಿನ ಕಂಪನಿದು ಡಬ್ಬಿ ನೋಡಿದ್ವಿ, ಆಗ ಕಳಿಸಿದ್ರು. ಡಬ್ಬಿ ಸಿಡಿಯೂ ಹಿಂದಿನ ದಿನ ಸಂಜಿ ಐದಕ್ಕ ದಂಡಿನ ಸಾಹೇಬ ಫೋನ್ ಮಾಡ್ದ. ಸೇತುವಿ ಹೆಂಗೂ ಮುಳಗೇದ, ನನ್ನ ಹದಿನೆಂಟು ಮಂದಿ ಕೊಣ್ಣೂರಾಗ ಅದಾರ, ನಾಳೆ ಬೆಳಿಗ್ಗೆ ಅಲ್ಲೇ ಮಾಡಿ ತೋರ್ಸ್ರಿ ಅಂದ. ಒಳಗ ಹೋಗಿ ನೋಡಿದ್ರ ಸುಣ್ಣ ಎಲ್ಲಾ ಸತ್ತಿತ್ತು."

"ಗೋದಾಮಿಗೆ ಹೊಚ್ಚಿದ ನಿಮ್ಮ ತಾಡಪತ್ರಿ ಸೋರಿ."

"ಮಳೀಗೆ ನಾ ಹೇಳಿ ಕಳಿಸಿದ್ನೇನು? ಒಂದ ಡಬ್ಬಿ ನಡದ್ರ ಸಾಕಿತ್ತು. ಒಪ್ಪಿಗಿ ಸಿಕ್ಕ ಮ್ಯಾಲ ಆ ಮುದುಕ ತನ್ನ ಸುಣ್ಣ ತುಂಬಲಿ, ಬೂದಿ ತುಂಬಲಿ."

"ಗಜೇಂದ್ರಗಡಕ್ಕ ಒಂದು ಫೋನ್ ಮಾಡಿದ್ರ ಮೋದಿನಸಾಬ ರಾತ್ರೋರಾತ್ರಿ ಹೊಸಾ ಹರಳು ತರ್ತಿದ್ದ."

"ತರ್ತಿದ್ದ. ಜೋಡಿಗೆ ನನ್ನ ತಾಡಪತ್ರಿ ಸೋರೇದಂತ ಸಾಹೇಬನ ಮುಂದ ಹೇಳ್ತಿದ್ದ. ಅಂವಗ ಸುಳ್ಳು ಬರಂಗಿಲ್ಲ, ಗೊತ್ತೈತೆಲ್ಲ ನಿನಗ."

ಇಷ್ಟೇ. ಒಂದು ಹರಿದ ತಾಡಪತ್ರಿಯ ಮರ್ಯಾದೆಗೆ ಇಪ್ಪತ್ನಾಲ್ಕರ ಹುಡುಗ ಹೋಗಿದ್ದ. ಉಡಚಪ್ಪ ಇಂಥವನ್ನು ಬಹಳ ಕಂಡಿದ್ದ. ದೊಡ್ಡ ಬೆಂಕಿಯ ಬುಡದಲ್ಲಿ ದೊಡ್ಡ ದ್ವೇಷವೇನೂ ಇರುತ್ತಿರಲಿಲ್ಲ. ಸೋಮಾರಿತನ, ಬಿಗುಮಾನ, ನಾಳೆ ನೋಡಿದರಾಯಿತು ಅನ್ನುವ ಬುದ್ಧಿ, ಇಂಥವೇ ಇರುತ್ತಿದ್ದವು.

"ಬಂದು ಫೌಜದಾರರ ಮುಂದ ಇದನ್ನ ಹೇಳ್ರಿ."

"ಏನಂತ?" ಪ್ರಭುಲಿಂಗಪ್ಪನ ಧ್ವನಿ ಮೆತ್ತಗಾಯಿತು. ಮೆತ್ತಗಾದದ್ದೇ ಉಡಚಪ್ಪನಿಗೆ ಸೇರಲಿಲ್ಲ. "ಒಂದು ಚೀಲ ಒಂದು ಹೊಸ್ತಲ ಮ್ಯಾಲ ಇಟ್ಟೆ. ತುಂಬಿದ್ದು ನಾ ಅಲ್ಲ. ಹೊಲದದ್ದು ನಾ ಅಲ್ಲ. ಈ ದಪ್ಪ ಬೆರಳಿನ್ಯಾಗ ಸೂಜಿ ಹಿಡಿಯಾಕ ಬರ್ತದೇನು ನೋಡು. ಆ ಹೊಲಿಗಿ ಯಾರ ಕೈಯಿಂದು ಅಂತ ಹುಡುಕು. ದೂರ ಹೋಗಬ್ಯಾಡ. ಗೋದಾಮಿನ ಹಿಂದ ಖೋಲ್ಯಾಗ ಪರದೇದ ಮರಿಗೆ ಕುಂತಾಳ. ಎಡಗೈಲಿ ಊಟ ಮಾಡ್ತಾಳಂತ ಅವರವ್ವ ಸಣ್ಣಾಕಿದ್ದಾಗ ಬಡೀತಿದ್ಲಂತ."

ಉಡಚಪ್ಪನಿಗೆ ಎಡಕ್ಕೆ ವಾಲಿದ ಟಾಕಿಗಳು ಕಣ್ಣಿಗೆ ಬಂದವು. ಮುಮತಾಜಬಿಯ ಅರ್ಧಕ್ಕೆ ನಿಂತ ಕೈ ಬಂತು.

ಇಷ್ರತ. ಮೋದಿನಸಾಬನ ಒಬ್ಬಳೇ ಮಗಳು. ಆಶಿಕನ ಹೆಂಡತಿ.

"ಏನಂತ ಹೇಳಿ ಕೊಟ್ರಿ ಆ ಹುಡುಗಿಗೆ?"

"ಏನ್ ಹೇಳೂದು? ನಿಮ್ಮಪ್ಪ ಕಳಿಸ್ಯಾನ, ಹೊಸಾ ಮಸಾಲಿ ಅಂದೆ. ಇಲ್ಲಂದ್ರ ಆಕಿ ಮುಟ್ತಿದ್ಲೇನು? ಬರಕೋ. ಬರಕೊಂಡು ಯಾರ ಮುಂದ ಓದ್ತಿ? ಆಕಿ ಇದ್ದತ್ತಿನ್ಯಾಗ ಕುಂತಾಳ. ಗಂಡ ಸತ್ತಾಕಿ, ನಾಕು ತಿಂಗಳ ಹತ್ತು ದಿನ ಹೊಸ್ತಲ ದಾಟಂಗಿಲ್ಲ. ದಾಟಿ ಬಂದ್ಲು ಅನ್ನು, ಕೋರ್ಟಿನ್ಯಾಗ ಏನ್ ಹೇಳ್ತಾಳ? ನನ್ನ ಗಂಡನ್ನ ಸಾಯಿಸಿದ ಡಬ್ಬಿ ನಾನ ತುಂಬಿದೆ ಅಂತ? ಅಪ್ಪನ್ನ ಬಿಟ್ಟು ಮಗಳ್ನ ಒಳಗ ಹಾಕ್ತಾರ. ಅದ ಬೇಕೇನು ನಿನಗ?"

ಉಡಚಪ್ಪ ಎದ್ದ.

"ಮತ್ತ ನಿನ್ನ ಕಾಗದಕ್ಕ ಕಿಮ್ಮತ್ತು ಕೊಡಾವರು ಯಾರು?" ಹಿಂದಿನಿಂದ ಸಾವ್ಕಾರ ಕೂಗಿದ. "ಸವಡಿ ಊರಾಗ ಸೊಸಿನ್ನ ಸುಟ್ಟಾಗ ಸ್ಟೋವ್ ಸಿಡೀತು ಅಂತ ಬರದಾಂವ ನೀನ ಹೌದಲ್ಲೋ?"

ಹೌದು, ಅವನೇ. ಎಂಬತ್ತಾರನೆಯ ಇಸವಿ. ಸ್ಟೋವಿನ ಎಣ್ಣೆಯ ಟ್ಯಾಂಕು ಗಟ್ಟಿಯಾಗೇ ಇತ್ತು, ಪಿನ್ನೂ ಸರಿಯಿತ್ತು. ಮೇಲಿನವರು ಹೇಳಿದರು, ಅವನು ಬರೆದ. ಆ ಹುಡುಗಿಯ ತಾಯಿ ಮುಂದೆ ಎಷ್ಟೋ ವರ್ಷ ಸಂತೆಯಲ್ಲಿ ಅವನನ್ನು ಕಂಡರೆ ಬೈಯುತ್ತಿರಲಿಲ್ಲ, ಉಗುಳುತ್ತಿರಲಿಲ್ಲ. ಬುಟ್ಟಿ ಎತ್ತಿಕೊಂಡು ಬೇರೆ ಸಾಲಿಗೆ ಹೋಗುತ್ತಿದ್ದಳು. ಅಂದಿನಿಂದ ಅವನು ಕಾಣದ್ದನ್ನು ಬರೆದಿಲ್ಲ, ಕಂಡದ್ದನ್ನು ಬಿಟ್ಟಿಲ್ಲ.

ಗೋದಾಮಿನ ಗೋಡೆ ಹಿಡಿದು ಹಿಂದಕ್ಕೆ ನಡೆದ.

*

ಖೋಲಿಯ ಬಾಗಿಲಿಗೆ ಹಳೆಯ ಚಾದರ ಕಟ್ಟಿತ್ತು. ಹೊರಗಿನ ಕಟ್ಟೆಯ ಮೇಲೆ ಮುಮತಾಜಬಿ ಅಕ್ಕಿ ಆರಿಸುತ್ತ ಕೂತಿದ್ದಳು. ಅವನನ್ನು ಕಂಡು ಮೊರ ಕೆಳಗಿಟ್ಟಳು.

"ಬಂದ್ರಿ," ಎಂದಳು. ಕೇಳಿದ್ದಲ್ಲ. ಬರುತ್ತಾನೆ ಎಂದು ಗೊತ್ತಿದ್ದವರ ಮಾತು.

"ಬಂದೆ ತಂಗಿ. ಮಗಳ ಕೂಡ ಎರಡು ಮಾತು."

"ಆಕಿಗೆ ಏನೂ ಗೊತ್ತಿಲ್ರಿ."

"ಯಾರಮ್ಮಾ?" ಚಾದರದ ಆಚೆಯಿಂದ ಎಳೆಯ ಧ್ವನಿ. "ಉಡಚಪ್ಪ ಕಾಕಾ ಏನು? ಸಲಾಮ್ರಿ ಕಾಕಾ. ಒಳಗ ಕರೀಲಾರದ ಹಂಗ ಆಗೇದ, ತಪ್ಪು ತಿಳೀಬ್ಯಾಡ್ರಿ. ಅಬ್ಬಾನ್ನ ನೋಡಿದ್ರೇನು? ಊಟ ಮಾಡ್ಯಾರೇನು?"

"ಮಾಡ್ಯಾನವ್ವ." ಉಡಚಪ್ಪ ಕಟ್ಟೆಯ ತುದಿಗೆ ಕೂತ. ಒಳಗೆ ಬಳೆಯ ಸದ್ದಿರಲಿಲ್ಲ. "ಇಷ್ರತ, ಆ ಮಳಿ ದಿನ ಸಂಜಿಗೆ ಸಾವ್ಕಾರ ಏನರ ತಂದು ಕೊಟ್ಟಿದ್ದನೇನು?"

ಮುಮತಾಜಬಿ ಅಕ್ಕಿಯ ಮೊರವನ್ನೇ ನೋಡುತ್ತಿದ್ದಳು.

"ಹೇಳು. ನನಗ ಗೊತ್ತಾಗೇದ."

"ಹೇಳಬಾರದು ಅಂತಿದ್ದೆರಿ ಕಾಕಾ. ಅಬ್ಬಾನ ಪುಡಿ ಅಂತ ಗೊತ್ತಾದ್ರ ಅಬ್ಬಾಗ ಇನ್ನೂ ಕುತ್ತು ಬರ್ತದಂತ ಸುಮ್ನಾದೆ. ಯಾರೂ ಕೇಳಲೂ ಇಲ್ರಿ." ಅವಳ ಮಾತು ಮೊದಲು ತಡೆತಡೆದು ಬಂತು, ಆಮೇಲೆ ಹರಿಯಿತು. ಹನ್ನೆರಡು ದಿನ ಕಟ್ಟಿಟ್ಟ ಮಾತು. "ಅವರು ಹೊಳಿ ನೀರು ಇಳದದೇನು ನೋಡಾಕ ಕೊಣ್ಣೂರಿಗೆ ಹೋಗಿದ್ರು. ಸಾವ್ಕಾರ್ರು ಬಂದು, ನಿಮ್ಮಪ್ಪ ಹೊಸಾ ಮಸಾಲಿ ಕಳಿಸ್ಯಾನ, ಎಂಟ ಚೀಲ ಐತಿ, ಹಳೇದು ಬಿಚ್ಚಿ ಇದನ್ನ ತುಂಬಿ ಇಡವ್ವ ಅಂದ್ರು. ಅವರು ಬರೂದ್ರಾಗ ಮುಗಸಬೇಕಂತ ಕುಂತೆ. ಸುಣ್ಣ ನೋಡ್ರಿ, ಕೈ ಕಡೀತದಂತ ಮೊಳಕೈ ತನ ಕುಸುಬಿ ಎಣ್ಣಿ ಹಚಗೊಂಡೆ."

"ಕಡೀತೇನು?"

"ಇಲ್ರಿ ಕಾಕಾ! ಒಂದ್ ಚೂರೂ ಕಡೀಲಿಲ್ಲ." ಆ ಧ್ವನಿಯಲ್ಲಿ ಇಷ್ಟು ದಿನವಾದ ಮೇಲೂ ಒಂದು ಹೆಮ್ಮೆ ಉಳಿದಿತ್ತು. "ನೋಡು, ಅಬ್ಬಾ ಕಡೀಕೂ ಕೈ ಸುಡಲಾರದ ಸುಣ್ಣ ಮಾಡ್ಯಾರ, ಅಮ್ಮಾನ ಕೈ ಇನ್ನ ಬಿರಿಯೂದಿಲ್ಲ ಅಂದುಕೊಂಡೆ. ಅವರು ಬಂದ ಮ್ಯಾಲ ತೋರ್ಸಿದೆ. ನಿನ್ನ ಎಡಗೈ ಹೊಲಿಗಿ ಸಾಹೇಬ್ರು ನೋಡಿದ್ರ ಫೇಲ್ ಮಾಡ್ತಾರ ಅಂತ ನಕ್ರು. ಮುಂಜಾನೆ ಹೊತ್ತು ಹುಟ್ಟೂದ್ರಾಗ ತಗೊಂಡು ಹೋದ್ರು."

ಅವಳು ಅಲ್ಲಿಗೆ ನಿಲ್ಲಿಸಿದಳು. ಮುಂದಿನದು ಎಲ್ಲರಿಗೂ ಗೊತ್ತಿತ್ತು.

ಉಡಚಪ್ಪನಿಗೆ ಈಗ ತಿಳಿಯಿತು. ಅವಳಿಗೆ ಗೊತ್ತಿಲ್ಲ. ಅಪ್ಪನ ಪುಡಿಯೇ ಏನೋ ಹೆಚ್ಚುಕಡಿಮೆಯಾಗಿ ಸಿಡಿಯಿತು ಎಂದು ನಂಬಿ, ಗಂಡನನ್ನು ಕಳೆದುಕೊಂಡರೂ ಅಪ್ಪನ ಮೇಲೆ ಸಿಟ್ಟೂ ಮಾಡಿಕೊಳ್ಳದೆ, ಅವನನ್ನು ಉಳಿಸಲು ಬಾಯಿ ಮುಚ್ಚಿ ಕೂತಿದ್ದಾಳೆ. ಅವಳು ಈಗ ಹೇಳಿದ ಮಾತೇ ಸಾವ್ಕಾರನನ್ನು ಹಿಡಿಯುವ ಮಾತು. ಆದರೆ ಅದನ್ನು ಕೋರ್ಟಿನಲ್ಲಿ ಹೇಳಿಸಬೇಕಾದರೆ ಮೊದಲು ಅವಳಿಗೆ ತಿಳಿಸಬೇಕು, ನೀನು ತುಂಬಿದ್ದು ಸುಣ್ಣವಲ್ಲ, ನಿನ್ನ ಗಂಡ ಅದನ್ನು ಸುಣ್ಣವೆಂದು ನಂಬಿದ್ದಕ್ಕೇ ಸತ್ತ ಎಂದು.

ಮುಮತಾಜಬಿ ಅವನ ಹತ್ತಿರಕ್ಕೆ ಸರಿದಳು. ಮಗಳಿಗೆ ಕೇಳದ ಹಾಗೆ, ತುಟಿಯಲ್ಲೇ ಅಂದಳು: "ಹೊಲದಾಕಿ ನಾನ ಅಂತ ಬರೀರಿ ಅಣ್ಣಾ. ಆ ದಿನ ನಾ ನರಗುಂದದಾಗಿದ್ದೆ ಅಂತ ಬರೀರಿ."

"ಎಡಗೈ ಹೊಲಿಗಿ ತಂಗಿ."

"ಕಲೀತೀನಿ. ಒಂದ ರಾತ್ರ್ಯಾಗ ಕಲೀತೀನಿ."

ಉಡಚಪ್ಪ ಬಾಯಿ ತೆರೆಯುವಷ್ಟರಲ್ಲಿ ಗೋದಾಮಿನ ಸಂದಿಯಲ್ಲಿ ಚಪ್ಪಲಿಯ ಸದ್ದಾಯಿತು. ಪ್ರಭುಲಿಂಗಪ್ಪ ಎಲೆ ಜಗಿಯುತ್ತ, ಮೊಬೈಲು ಫೋನು ಕೈಯಲ್ಲಿ ಹಿಡಿದು ಬರುತ್ತಿದ್ದ.

"ಇಲ್ಲೇ ಅದೀರೇನು? ಚಲೋ ಆತು. ಫೌಜದಾರ್ರು ನಿಮ್ಮನ್ನ ಹುಡಕ್ಯಾಡಾಕತ್ತಾರ. ನೀವು ಹೇಳಿ ಬಂದ ಪ್ರಕಾರ ಆ ಚೀಲದ ತುಂಡು ಮೋದಿನಸಾಬಗ ತೋರ್ಸಿದ್ರಂತ." ಗೋಡೆಯ ಬುಡಕ್ಕೆ ಉಗುಳಿ, ಬಾಯಿ ಒರೆಸಿಕೊಂಡ. "ಭಾಳ ಹೊತ್ತು ನೋಡಿದನಂತ. ಆಮ್ಯಾಲ ತಾನಾಗಿ ಒಪ್ಪಿಕೊಂಡನಂತ. ಬಿಚ್ಚಿದಾಂವ ತಾನ, ಲೋಹದ ಪುಡಿ ತುಂಬಿದಾಂವ ತಾನ, ತಿರುಗಿ ಹೊಲದಾಂವನೂ ತಾನ. ಬರಸಿ ಹೆಬ್ಬಟ್ಟು ಒತ್ತ್ಯಾನ. ನಿಮ್ಮ ಕಾಗದದ ಗರಜು ಬೀಳಲಿಲ್ಲ ಉಡಚಪ್ಪನವರ. ರೋಣದ ಬಸ್ಸು ಇನ್ನೂ ಐತಿ, ಹೋಗ್ರಿ."

ಮುಮತಾಜಬಿ ಅಳಲಿಲ್ಲ. ಎರಡೂ ಕೈ ಜೋಡಿಸಿ ಉಡಚಪ್ಪನ ಕಡೆ ನೋಡಿದಳು. ಬಾಯಿ ತೆರೆಯಬೇಡ ಎಂದು ಬೇಡುವ ನೋಟ. ಗಂಡ ಹೋದರೂ ಹೋಗಲಿ ಎನ್ನುವ ತೀರ್ಮಾನ ಅದರಲ್ಲಿ ಆಗಿಹೋಗಿತ್ತು.

ಬಾಗಿಲ ಚಾದರ ಅಲುಗಿತು. ಪ್ರಭುಲಿಂಗಪ್ಪ ಜಗಿಯುವುದನ್ನು ನಿಲ್ಲಿಸಿದ.

"ಅಬ್ಬಾ ಆ ದಿನ ಗಜೇಂದ್ರಗಡದಾಗ ಇದ್ರು," ಇಷ್ರತ ಮೆಲ್ಲಗೆ, ಲೆಕ್ಕ ಹಾಕುವವಳಂತೆ ಅಂದಳು. "ಹೊಲದಾಕಿ ನಾನು. ಮತ್ತ ಲೋಹದ ಪುಡಿ ಅಂದ್ರ ಏನು? ಅಬ್ಬಾ ಯಾಕ ಸುಳ್ಳು ಹೇಳಾಕತ್ತಾರ ಅಮ್ಮಾ?"

ಮುಮತಾಜಬಿ ಚಾದರದ ಅಂಚು ಹಿಡಿದಳು.

"ಕಾಕಾ, ನೀವಾರ ಹೇಳ್ರಿ. ನಾ ತುಂಬಿದ್ದು ಅಬ್ಬಾನ ಸುಣ್ಣ ಅಲ್ಲೇನು?"